ಕೂತವಳನ್ನು ಎಬ್ಬಿಸುವುದಿಲ್ಲ

ಶಿವರಾತ್ರಿಗೆ ಮುಂಚಿನ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಕೆಂಗೇರಿ ದಾಟಿದ ಮೇಲೆ ಸಿಗುವ ಕಲ್ಲು ಕ್ವಾರಿ ಗುಡ್ಡದ ಬುಡ. ಇದ್ದವರು ನಾನು, ನನ್ನ ನಾದಿನಿ, ಮಣ್ಣಿನೊಳಗೆ ಅವಳ ಅಕ್ಕ, ಎಂದರೆ ನನ್ನ ಹೆಂಡತಿ.

ಇದು ಅವರ ತವರಿನ ರುದ್ರಭೂಮಿ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತೇವೆ. ವರ್ಷಕ್ಕೊಮ್ಮೆ ವಿಜಯನಗರದಿಂದ ಬಂದು ಸಮಾಧಿಗೆ ಸುಣ್ಣ ಬಳಿಯುವುದು ನಮ್ಮ ರೂಢಿ. ಈ ಸಲ ನೋಡಿದರೆ ಸಮಾಧಿಯ ಬೆನ್ನಿಗಿರುವ ಬಂಡೆಯ ಮೇಲೆ ಕೆಂಪು ಬಣ್ಣದ ಗುರುತು. ಸಿಡಿಸುವ ಬಂಡೆಗೆ ಹಾಕುವ ಗುರುತು ಅದು. ಆ ಬಂಡೆ ಹೋದರೆ ಸಮಾಧಿ ಉಳಿಯುವುದಿಲ್ಲ.

ಅಷ್ಟರಲ್ಲಿ ಕ್ವಾರಿಯ ಮ್ಯಾನೇಜರ್ ಬೈಕಿನಲ್ಲಿ ಬಂದ.

"ಸಾರ್, ನಾಳೆ ಬ್ಲಾಸ್ಟಿಂಗ್ ಇದೆ. ಇದನ್ನ ಬೇರೆ ಕಡೆ ಶಿಫ್ಟ್ ಮಾಡ್ಕೊಂಡ್ಬಿಡಿ."

ನಾದಿನಿ ಬ್ರಷ್ ಹಿಡಿದೇ ತಿರುಗಿದಳು. "ನಮ್ಮಕ್ಕ ಏನು ಸೋಫಾನೇನಪ್ಪಾ, ಶಿಫ್ಟ್ ಮಾಡೋಕೆ?"

"ಹಂಗಲ್ಲ ಆಂಟಿ, ನಮಗೆ ಪರ್ಮಿಷನ್ ಇದೆ."

"ಪರ್ಮಿಷನ್ ಗುಡ್ಡಕ್ಕಿದೆ, ರುದ್ರಭೂಮಿಗಿಲ್ಲ," ಎಂದೆ. "ಕೂತವಳನ್ನ ನಾನು ಎಬ್ಬಿಸೋದಿಲ್ಲ. ಬದುಕಿದ್ದಾಗಲೂ ಎಬ್ಬಿಸೋ ಧೈರ್ಯ ಇರ್ಲಿಲ್ಲ."

"ಭಾವ, ಮಾತು ಸಾಕು," ಎಂದು ನಾದಿನಿ ಸುಣ್ಣದ ಬಕೆಟ್ ನನ್ನ ಕಡೆ ತಳ್ಳಿ ಬ್ರಷ್ ಕೈಗಿಟ್ಟಳು. ಬ್ರಷ್ ಅದ್ದಿ ಕೆಂಪು ಗುರುತಿನ ಮೇಲೆಯೇ ಅಡ್ಡಕ್ಕೆ ಮೂರು ಪಟ್ಟೆ ಎಳೆದೆ, ಹಣೆಗೆ ವಿಭೂತಿ ಧರಿಸುವ ಹಾಗೆ.

ಮ್ಯಾನೇಜರ್ ಕ್ವಾರಿಯ ಕಡೆ ತಿರುಗಿ, ಸಿಡಿಮದ್ದು ತುಂಬಲು ಬಂಡೆಗೆ ಕುಳಿ ಹೊಡೆಯುವವನನ್ನು ಕೂಗಿದ. "ಅಣ್ಣ, ಅದನ್ನ ಒರೆಸಿ ಕುಳಿ ಹೊಡಿ."

ಅವನು ಬಂದು ಬಂಡೆ ನೋಡಿ ಕೈ ಕಟ್ಟಿಕೊಂಡ. "ಈಬತ್ತಿ ಇಟ್ಟ ಕಲ್ಲಿಗೆ ಹೊಡೆಯಲ್ಲ ಸಾರ್."

"ಸುಣ್ಣ ಕಣಣ್ಣ ಅದು!"

"ಸುಣ್ಣಾನೇ ಆದ್ರೆ ನೀವೇ ಒರೆಸಿ."

ಮ್ಯಾನೇಜರ್ ಕರ್ಚೀಫು ತೆಗೆದು ಬಂಡೆಯವರೆಗೂ ಹೋದ. ಆಮೇಲೆ ಅದರಲ್ಲಿ ಮುಖ ಒರೆಸಿಕೊಂಡು ವಾಪಸ್ ಬಂದ.

"ನಾಳೆ ಬೇರೆಯವರನ್ನ ಕರ್ಕೊಂಡ್ ಬರ್ತೀನಿ."

"ಕರ್ಕೊಂಡ್ ಬನ್ನಿ. ಏಳಕ್ಕೆ ನಾನಿಲ್ಲೇ ಇರ್ತೀನಿ. ನಾಳಿದ್ದೂ ಇರ್ತೀನಿ."

ಬೈಕು ಹೋಯಿತು. ಸಮಾಧಿಯ ಕೆಲಸ ಮುಗಿಸಿ, ಕೆಂಗೇರಿಗೆ ಹೋಗಿ ಇನ್ನಷ್ಟು ಸುಣ್ಣ ತಂದೆವು. ರುದ್ರಭೂಮಿಯ ಅಂಚಿನುದ್ದಕ್ಕೂ, ಕೆಂಪು ಗುರುತು ಇರಲಿ ಇಲ್ಲದಿರಲಿ, ಒಂದು ಬಂಡೆಯನ್ನೂ ಬಿಡಲಿಲ್ಲ. ನನಗೆ ಎಟುಕದ ಕಡೆ ನಾದಿನಿ ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ಕೊನೆಯ ಬಂಡೆಗೆ ಮೂರನೆಯ ಪಟ್ಟೆ ಎಳೆದು ಅವಳು ಕೆಳಗಿಳಿದಾಗ ಬಿಸಿಲು ಇಳಿದಿತ್ತು.