ಸ್ಫಟಿಕದೊಳಗಿನ ಗುಳ್ಳೆ

ಮಾವನವರು ನಮ್ಮಲ್ಲಿಗೆ ಬಂದದ್ದು ಕಣ್ಣಿನ ಪೊರೆ ತೆಗೆಸಿಕೊಳ್ಳಲು. ಗದಗಿನಲ್ಲಿ ಮೈದುನನ ತುಂಬು ಸಂಸಾರದ ನಡುವೆ ಇದ್ದವರನ್ನು ವಡೋದರಾದಲ್ಲಿ ಒಳ್ಳೆಯ ಡಾಕ್ಟರಿದ್ದಾರೆ ಎಂದು ನನ್ನ ಗಂಡ ಕರೆಸಿಕೊಂಡಿದ್ದರು. ಸಕ್ಕರೆ ಕಾಯಿಲೆ ಹತೋಟಿಗೆ ಬರಲಿ ಎಂದು ಡಾಕ್ಟರು ಮತ್ತೆ ಮತ್ತೆ ಮುಂದೂಡಿದ್ದರಿಂದ, ನಾಲ್ಕು ದಿನದ ಮಾತು ಎಂದು ಹೊರಟುಬಂದವರು ಮಳೆಗಾಲ ಕಳೆದರೂ ವಡೋದರಾ ಪಕ್ಕದ ಕೊಯಾಲಿಯ ನಮ್ಮ ಕ್ವಾರ್ಟರ್ಸ್‌ನಲ್ಲೇ ಉಳಿದರು.

ಬರುವಾಗ ಹಿತ್ತಾಳೆಯ ಸಂಪುಟವೊಂದನ್ನು ಮಡಿಲಲ್ಲಿಟ್ಟುಕೊಂಡೇ ರೈಲಿನಲ್ಲಿ ಕೂತಿದ್ದರಂತೆ. ಅದರೊಳಗೆ ಪಂಚಾಯತನದ ಐದು ಕಲ್ಲುಗಳು: ಕಪ್ಪು ಸಾಲಿಗ್ರಾಮ, ನರ್ಮದೆಯ ಬಾಣಲಿಂಗ, ಗಣಪತಿಯ ಕೆಂಪು ಕಲ್ಲು, ದೇವಿಯ ಕಲ್ಲು, ಸೂರ್ಯನೆಂದು ಪೂಜಿಸುವ ಸ್ಫಟಿಕ. ಸ್ಫಟಿಕವನ್ನು ಅವರ ತಂದೆ ಕಾಶಿಯಿಂದ ತಂದದ್ದು. ದಿನವೂ ಬೆಳಿಗ್ಗೆ ಕೈಯಿಂದಲೇ ತಡವಿ ಯಾವುದು ಯಾವ ದೇವರೆಂದು ಗುರುತು ಹಿಡಿದು ಅಭಿಷೇಕ ಮಾಡುತ್ತಿದ್ದರು.

ನಾನು ಮಕರಪುರದ ಒಂದು ಕಾರ್ಖಾನೆಯಲ್ಲಿ ವಿದ್ಯುತ್ ಕಂಬಗಳ ಮೇಲಿನ ಗಾಜಿನ ಇನ್ಸುಲೇಟರುಗಳನ್ನು ಪರೀಕ್ಷಿಸುತ್ತೇನೆ. ಬಿರುಕು, ಕಲೆ, ಗುಳ್ಳೆ ಹುಡುಕುವುದೇ ಕೆಲಸ. ದೋಷ ಹುಡುಕಿ ದಣಿದ ಕಣ್ಣಿಗೆ ಭಾನುವಾರ ಬೇರೇನಾದರೂ ಬೇಕೆನಿಸಿ ಮ್ಯಾಕ್ರೋ ಲೆನ್ಸ್ ಕೊಂಡಿದ್ದೆ. ಮೊದಲು ಹೂಗಳ ಬೆನ್ನು ಹತ್ತಿದೆ. ಗಾಳಿ ಬೀಸಿದರೆ ಸಾಕು, ಫೋಕಸ್ ತಪ್ಪಿಹೋಗುತ್ತಿತ್ತು. ಕಲ್ಲು ಅಲುಗುವುದಿಲ್ಲ. ನರ್ಮದೆಯ ದಂಡೆಯಲ್ಲಿ ಸಿಕ್ಕಿದ ಬೂದು ಬೆಣಚು ಕಲ್ಲೊಂದನ್ನು ನೀರಲ್ಲಿ ಅದ್ದಿ ಬೆಳಕಿಗೆ ಹಿಡಿದು ಫೋಟೊ ತೆಗೆದಾಗ, ಅದರೊಳಗೆ ಕಂದು ಕೆಂಪು ಪಟ್ಟೆಗಳು ಸೀರೆಯ ಅಂಚಿನ ಹಾಗೆ ಕಂಡವು. ಆಮೇಲೆ ನಾನು ಬೇರೆ ಯಾವುದರ ಫೋಟೊವನ್ನೂ ತೆಗೆಯಲಿಲ್ಲ.

ಈ ಫೋಟೊಗಳನ್ನು ಟೀವಿಗೆ ಹಾಕಿದಾಗ ಮಾವನವರು ಕುರ್ಚಿಯನ್ನು ಪರದೆಯ ತೀರ ಹತ್ತಿರ ಎಳೆದುಕೊಂಡು ಕೂರುತ್ತಿದ್ದರು. ಪೊರೆಗಣ್ಣಿಗೂ ಅಷ್ಟು ದೊಡ್ಡದು ಒಂದಿಷ್ಟು ಕಾಣುತ್ತಿತ್ತು. ಒಂದು ದಿನ ಹಿಂಜರಿಯುತ್ತಲೇ ಕೇಳಿದರು: "ನನ್ನ ದೇವರನ್ನೂ ಹಿಂಗ ದೊಡ್ಡದು ಮಾಡಿ ತೋರಸ್ತಿಯೇನವಾ? ಸೂರ್ಯನ್ನ ನೋಡಲಾರದ ಭಾಳ ದಿನಾ ಆತು."

ಮರುದಿನ ಪೂಜೆಯಾದ ಮೇಲೆ ಒದ್ದೆ ಪಂಚೆಯ ಮೇಲೆ ಒಂದೊಂದೇ ಕಲ್ಲನ್ನು ತಾವೇ ಇಟ್ಟರು. ನಾನು ಮುಟ್ಟುವ ಹಾಗಿರಲಿಲ್ಲ. ಟ್ರೈಪಾಡನ್ನು ಆಚೀಚೆ ಸರಿಸುತ್ತ ನಾಲ್ಕು ಕಲ್ಲುಗಳನ್ನು ಮುಗಿಸಿದೆ. ಕೊನೆಗೆ ಸ್ಫಟಿಕ. ಕಿಟಕಿಯ ಬಿಸಿಲು ಅದರ ಬದಿಯಿಂದ ಬೀಳುವಂತೆ ಮಾಡಿ ಲೆನ್ಸಿನಲ್ಲಿ ಕಣ್ಣಿಟ್ಟೆ.

ಒಳಗೆ ಗುಳ್ಳೆಗಳಿದ್ದವು. ದುಂಡಗೆ, ನುಣ್ಣಗೆ, ಒಂದರ ಹಿಂದೆ ಒಂದು. ಪಕ್ಕದಲ್ಲಿ ಪಾಕ ಕಲಕಿದಂಥ ಸುಳಿ. ಭೂಮಿಯೊಳಗೆ ಬೆಳೆದ ಸ್ಫಟಿಕದಲ್ಲಿ ಅಂಥದ್ದು ಇರುವುದಿಲ್ಲ. ವಾರದಲ್ಲಿ ಆರು ದಿನ ನಾನು ನೋಡುವುದು ಅದನ್ನೇ; ತಪ್ಪು ತಿಳಿಯುವ ಸಾಧ್ಯತೆಯೇ ಇರಲಿಲ್ಲ. ಅದು ಗಾಜು.

"ಸೂರ್ಯ ಹೆಂಗ ಕಾಣಸ್ತಾನ?" ಎಂದು ಪಕ್ಕದಿಂದ ಕೇಳಿದರು.

ಚೆನ್ನಾಗಿದ್ದಾನೆ ಎಂದೆ. ಸಂಜೆ ಟೀವಿಯಲ್ಲಿ ನಾಲ್ಕು ದೇವರನ್ನು ತೋರಿಸಿದೆ. ಐದನೆಯದಕ್ಕೆ, ರಾಜಪಿಪ್ಲಾ ಕಡೆಯ ಗುಡ್ಡದಲ್ಲಿ ನನಗೆ ಸಿಕ್ಕಿದ್ದ ಸ್ಫಟಿಕದ ಚೂರೊಂದರ ಹಳೆಯ ಫೋಟೊ ಹಾಕಿದೆ. ಅದರೊಳಗೆ ಬಿಳಿ ಪದರಗಳು ತೆರೆತೆರೆಯಾಗಿದ್ದವು. ಅವರು ಎದ್ದು ನಿಂತು ಪರದೆಗೆ ಕೈ ಮುಗಿದರು. ಒಳಗೆ ಮುಂಜಾನೆಯ ಮಂಜು ಕವಿದಂತಿದೆ, ಅಪ್ಪ ಎಂಥದನ್ನು ತಂದಿದ್ದ ನೋಡು ಎಂದು ಮೆಲ್ಲಗೆ ಹೇಳಿಕೊಂಡರು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ.

ರಾತ್ರಿ ಗಂಡನಿಗೆ ಹೇಳಿದರೆ, ಒಳ್ಳೆಯದನ್ನೇ ಮಾಡಿದೆ, ಮತ್ತೆ ಆ ಮಾತು ಎತ್ತಬೇಡ ಎಂದರು. ಆದರೆ ಮಾತು ಮನೆಯೊಳಗೆ ನಿಲ್ಲಲಿಲ್ಲ. ಮಾವನವರು ಹಟ ಹಿಡಿದು ಆ ಫೋಟೊವನ್ನು ಬಳಗದವರ ವಾಟ್ಸಾಪ್ ಗುಂಪಿಗೆ ಹಾಕಿಸಿದರು. ಹುಬ್ಬಳ್ಳಿಯಲ್ಲಿರುವ ಅವರ ತಂಗಿ ಅದಕ್ಕೆ ಕಟ್ಟು ಹಾಕಿಸಿ ದೇವರ ಕೋಣೆಯಲ್ಲಿ ಇಟ್ಟುಕೊಂಡರು. ಭಾನುವಾರಗಳಲ್ಲಿ ನಾನು ಕ್ಯಾಮೆರಾ ಹೊರಗೆ ತೆಗೆಯುವುದನ್ನೇ ಬಿಟ್ಟೆ. ಏಕೆಂದು ಮಾವನವರು ಕೇಳಿದರೆ ಕೆಲಸ ಹೆಚ್ಚಾಗಿದೆ ಎನ್ನುತ್ತಿದ್ದೆ.

ಅಂತೂ ಚಳಿಗಾಲದ ಹೊತ್ತಿಗೆ ಶಸ್ತ್ರಚಿಕಿತ್ಸೆ ಆಯಿತು. ಅದಕ್ಕೂ ಮುಂಚಿನ ತಪಾಸಣೆಗೆ ಹೋದ ದಿನ ತಡವಾಗಿ, ಸಕ್ಕರೆ ಇಳಿದು ಅವರ ಕೈ ನಡುಗುತ್ತಿತ್ತು. ಫತೇಗಂಜ್‌ನಲ್ಲಿ ಕುಂದಾಪುರದವರ ಹೋಟೆಲೊಂದಿದೆ. ನಾನೇ ಒತ್ತಾಯ ಮಾಡಿ ಕರೆದೊಯ್ದು ಇಡ್ಲಿ ಸಾಂಬಾರು ತಿನ್ನಿಸಿದ್ದೆ. ಈರುಳ್ಳಿ ಹಾಕಿದ ಹೊರಗಿನ ಅಡುಗೆಯನ್ನು ಅವರು ಜನ್ಮದಲ್ಲಿ ಮುಟ್ಟಿದವರಲ್ಲ. ಮರುಮಾತಾಡದೆ ತಿಂದಿದ್ದರು.

ಕಣ್ಣು ತಿಳಿಯಾದ ಮೇಲೆ ಒಂದು ಬೆಳಿಗ್ಗೆ ಪೂಜೆ ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ಇಣುಕಿ ನೋಡಿದೆ. ಸ್ಫಟಿಕವನ್ನು ಅಂಗೈಯಲ್ಲಿಟ್ಟುಕೊಂಡು ಭೂತಗನ್ನಡಿಯಿಂದ ನೋಡುತ್ತ ಕೂತಿದ್ದರು. ಪಕ್ಕದಲ್ಲಿ ಮೊಬೈಲು, ಅದರಲ್ಲಿ ನಾನು ತೋರಿಸಿದ್ದ ಆ ಸ್ಫಟಿಕದ ಫೋಟೊ. ಮುಖ ಬಿಳಿಚಿಕೊಂಡಿತ್ತು.

"ಸೂರ್ಯ ಬರಿದಾಗ್ಯಾನವಾ," ಎಂದರು. "ಆವತ್ತಿದ್ದ ಮಂಜು ಇಲ್ಲ. ಹೋಟೆಲಿನಾಗ ಉಂಡೆ, ಸಂಧ್ಯಾವಂದನಿ ಅರ್ಧಕ್ಕ ಬಿಟ್ಟೆ. ನನ್ನ ಕೈಯಿಂದನ ಹಿಂಗಾತು."

ನಾನು ಹೊಸ್ತಿಲ ಮೇಲೆಯೇ ಕುಳಿತೆ. ಅವರನ್ನು ನೋವಿನಿಂದ ಉಳಿಸುತ್ತೇನೆಂದುಕೊಂಡು ಮಾಡಿದ್ದು, ಮಾಡದ ಪಾಪವನ್ನು ಅವರ ತಲೆಗೆ ಕಟ್ಟಿತ್ತು. ಅದೂ ನಾನೇ ತಿನ್ನಿಸಿದ ಇಡ್ಲಿಯ ಹೆಸರಿನಲ್ಲಿ. ಅಲ್ಲಿಯೇ ಎಲ್ಲವನ್ನೂ ಹೇಳಿದೆ. ಫೋಟೊ ಬೇರೆ ಕಲ್ಲಿನದು, ಅದನ್ನು ಗುಡ್ಡದಿಂದ ತಂದವಳು ನಾನು, ಇದರೊಳಗೆ ಇರುವುದು ಗುಳ್ಳೆಗಳು, ಇದು ಗಾಜು. ಕೊನೆಯ ಶಬ್ದವನ್ನು ಎರಡು ಸಲ ಹೇಳಬೇಕಾಯಿತು.

ಅವರು ಭೂತಗನ್ನಡಿಯನ್ನು ಕೆಳಗಿಟ್ಟರು. ಆಮೇಲೆ, "ಹಂಗಾದ್ರ ನಾ ಉಂಡಿದ್ದಕ್ಕ ಆದದ್ದಲ್ಲ ಇದು," ಎಂದರು.

ಅಲ್ಲ ಮಾಮಾ ಎಂದೆ.

ಹಾಗಾದರೆ ನಿಜವಾದದ್ದನ್ನು ತೋರಿಸು ಎಂದರು. ಆವತ್ತು ತೆಗೆದಿದ್ದ ಗುಳ್ಳೆಗಳ ಫೋಟೊವನ್ನು ಅಂದೇ ಅಳಿಸಿಹಾಕಿದ್ದೆ. ಮತ್ತೆ ಟ್ರೈಪಾಡ್ ತಂದೆ. ಮತ್ತೆ ಒದ್ದೆ ಪಂಚೆ ಹಾಸಿ ಸ್ಫಟಿಕವನ್ನು ಇಟ್ಟುಕೊಟ್ಟರು. ಟೀವಿಯ ತುಂಬ ಆ ದುಂಡು ಗುಳ್ಳೆಗಳು ಬಂದಾಗ ಈ ಸಲ ಕುರ್ಚಿಯನ್ನು ಹತ್ತಿರ ಎಳೆದುಕೊಳ್ಳುವ ಅಗತ್ಯ ಬೀಳಲಿಲ್ಲ. ದೂರದಿಂದಲೇ ನೋಡಿದರು. ನಾನು ಪರದೆ ನೋಡಲಿಲ್ಲ, ಅವರನ್ನು ನೋಡುತ್ತಿದ್ದೆ. ಸಿಟ್ಟು ಬರಲಿ ಎಂದು ಕಾಯುತ್ತಿದ್ದೆ.

"ಕಣ್ಣು ಇಲ್ಲದಾಗ ನಿನ್ನ ಕಣ್ಣೀಲೆನ ನೋಡತಿದ್ದೆ ನಾ," ಎಂದರು. "ಗುಳ್ಳಿ ಅದ ಅಂದಿದ್ರ ಗುಳ್ಳೀನ ನೋಡತಿದ್ದೆ."

ಅಷ್ಟೇ. ದನಿ ಏರಿಸಲಿಲ್ಲ. ಮಧ್ಯಾಹ್ನ ತಂಗಿಗೆ ಫೋನು ಮಾಡಿ, ಫೋಟೊ ಅದಲುಬದಲಾಗಿದೆ, ಅದು ನಮ್ಮ ದೇವರಲ್ಲ, ತೆಗೆದುಬಿಡು ಎಂದರು. ಹೇಗಾಯಿತು ಎಂದು ತಂಗಿ ಕೇಳಿರಬೇಕು, ತಾನೇ ಮೊಬೈಲಿನಲ್ಲಿ ಏನನ್ನೋ ತಪ್ಪು ಒತ್ತಿದೆ ಎಂದರು. ಅಡುಗೆಮನೆಯಲ್ಲಿ ನನಗೆ ಎಲ್ಲ ಕೇಳುತ್ತಿತ್ತು. ಸುಳ್ಳಾಡಿ ಅಭ್ಯಾಸವಿಲ್ಲದವರು ನನಗಾಗಿ ಆಡಿದ ಆ ಒಂದು ಸುಳ್ಳು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ತಂಗಿಯಂತೂ ಫೋಟೊ ತೆಗೆಯಲು ಒಪ್ಪಲಿಲ್ಲವಂತೆ. ಇಷ್ಟು ದಿನ ಹೂ ಏರಿಸಿದ್ದೇನೆ, ಯಾರಾದರೇನು, ಇರಲಿ ಬಿಡು ಎಂದರಂತೆ.

ನನ್ನ ರಾಜಪಿಪ್ಲಾದ ಚೂರನ್ನು ಸಂಪುಟಕ್ಕೆ ಇಟ್ಟುಕೊಳ್ಳಿ ಎಂದು ಒಮ್ಮೆ ಕೇಳಿದೆ. ಬೇಡವೆಂದರು. ತನ್ನ ತಂದೆ ಮುಟ್ಟಿದ್ದು ಇದನ್ನು, ತಾನು ಇಷ್ಟು ವರ್ಷ ನೀರೆರೆದದ್ದೂ ಇದಕ್ಕೇ ಎಂದರು. ದಿನವೂ ಅದೇ ಗಾಜಿಗೆ ಅಭಿಷೇಕ ನಡೆದಿದೆ.

ನಾನು ಮತ್ತೆ ಕ್ಯಾಮೆರಾ ಹಿಡಿಯುವಂತೆ ಮಾಡಿದವರೂ ಅವರೇ. ಗದಗಿಗೆ ಮರಳುವ ಮಾತನ್ನು ಇನ್ನೂ ಎತ್ತಿಲ್ಲ; ಭಾನುವಾರ ಬಂದರೆ ನದಿಗೆ ಹೋಗೋಣವೇ ಎಂದು ಚೀಲ ಹಿಡಿದು ನಿಲ್ಲುತ್ತಾರೆ. ಸಂಜೆ ಟೀವಿಯಲ್ಲಿ ಪಟ್ಟೆಗಲ್ಲು, ಹಸಿರುಗಲ್ಲು ಒಂದೊಂದೇ ಮೂಡುತ್ತವೆ. ಮೊದಲಾಗಿದ್ದರೆ ನೋಡಿದ ತಕ್ಷಣ ಕೊಂಡಾಡಲು ಶುರು ಮಾಡುತ್ತಿದ್ದರು. ಈಗ ಮೊದಲು ನನ್ನತ್ತ ಕೈ ಚಾಚುತ್ತಾರೆ. ಕಲ್ಲನ್ನು ಅಂಗೈ ಮೇಲೆ ಇಟ್ಟುಕೊಡುತ್ತೇನೆ. ದೀಪಕ್ಕೆ ಹಿಡಿದು, ತಿರುಗಿಸಿ, ಪರದೆಯನ್ನೊಮ್ಮೆ ಕಲ್ಲನ್ನೊಮ್ಮೆ ನೋಡಿ, ಗೆರೆಗೆ ಗೆರೆ ಹೊಂದಿದ ಮೇಲೆ ಛಲೋ ಬಂದದ ಎನ್ನುತ್ತಾರೆ. ನನ್ನನ್ನು ಚುಚ್ಚಬೇಕೆಂದು ಮಾಡುವುದಲ್ಲ ಅದು, ಅವರಿಗೆ ಹಾಗೊಂದು ರೂಢಿಯಾಗಿಬಿಟ್ಟಿದೆ. ಅವರು ಹೊಂದಿಸಿ ನೋಡಿ ಮುಗಿಸುವ ತನಕ ನಾನು ರಿಮೋಟ್ ಹಿಡಿದು ಪಕ್ಕದಲ್ಲಿ ನಿಂತಿರುತ್ತೇನೆ.