ಜರ್ಮನಿಯಿಂದ ಬಂದ ಹಳದಿ ಉಗುರು

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ನಂಬದಿದ್ದರೂ ಓದಿ. ನಮ್ಮ ಪಕ್ಕದ ಮನೆಯ ಅಣ್ಣನ ಹತ್ತೂ ಉಗುರುಗಳು ಹಳದಿ. ಸಾಧಾರಣ ಹಳದಿಯಲ್ಲ; ದೀಪ ಹೋದಾಗ ಅವನು ಕೈ ಎತ್ತಿದರೆ ದಾಂಡೇಲಿಯ ಅರ್ಧ ಓಣಿಗೆ ಬೆಳಕಾಗುತ್ತಿತ್ತು.

ಅವನು ಇಂಜಿನಿಯರಿಂಗ್ ಓದುತ್ತಿದ್ದ. ಬೇಸಿಗೆ ರಜೆಗೆ ಜರ್ಮನಿಯ ಒಂದು ಪ್ರಯೋಗಶಾಲೆ ಅವನನ್ನು ಕರೆಸಿಕೊಂಡಿತು, ಖರ್ಚೆಲ್ಲ ಅವರದೇ. ಕೆಲಸವೆಂದರೆ ಬಿದಿರನ್ನು ಆಸಿಡ್‌ನಲ್ಲಿ ಕುದಿಸಿ, ಕಾಗದಕ್ಕೆ ಎಷ್ಟು ನಾರು ಸಿಗುತ್ತದೆಂದು ನೋಡುವುದು. ನಮಗೆಲ್ಲ ಅನುಮಾನ ಹುಟ್ಟಿದ್ದು ಇಲ್ಲಿಯೇ. ನಮ್ಮೂರಿನ ಕಾಗದದ ಕಾರ್ಖಾನೆಯ ಮುಂದೆ ಬಿದಿರು ಗುಡ್ಡದಂತೆ ಬಿದ್ದಿದೆ. ಅದನ್ನು ಕುದಿಸಲು ಯಾರಾದರೂ ಹುಡುಗನನ್ನು ವಿಮಾನ ಹತ್ತಿಸಿ ಕರೆಸುತ್ತಾರೆಯೇ?

ಮಳೆಗಾಲದಲ್ಲಿ ತಿರುಗಿ ಬಂದವನು ಒಂದು ಮಾತು ಕಲಿತು ಬಂದಿದ್ದ: "ತಡಿ, ಇನ್ನೊಮ್ಮೆ ನೋಡೂಣು." ಮಳೆ ಹತ್ತಿದೆ ಎಂದರೆ ಕಿಟಕಿಯಿಂದ ಒಂದು ಕೈ ಚಾಚುವನು, ಆಮೇಲೆ ಇನ್ನೊಂದು. ನನ್ನ ಗಣಿತದ ಉತ್ತರಗಳನ್ನೂ ಹಾಗೆಯೇ ಮತ್ತೆ ಮತ್ತೆ ನೋಡಿಸಿದ. ನಾನು ಪಾಸಾದದ್ದು ಅದರಿಂದಲೇ. ಆ ಋಣ ಇದೆ.

ಆದರೆ ಉಗುರು? ನಮ್ಮಲ್ಲಿ ಹರೆಯದ ಹುಡುಗನ ಉಗುರು ಹಳದಿಯಾಗುವುದು ಮದುವೆಯ ಅರಿಸಿನಕ್ಕೆ. ಹಾಗಾದರೆ ಅಲ್ಲೊಬ್ಬ ಮೇಡಂ ಇದ್ದಾಳೆ ಎಂದು ಓಣಿ ತೀರ್ಮಾನಿಸಿತು. ನಾನು ಅವಳಿಗೆ ಬೆಕ್ಕಿನ ಕಣ್ಣು, ಆರಡಿ ಎತ್ತರ ಮಾತ್ರ ಕೊಟ್ಟೆ. ಮಗು ಕೊಟ್ಟವರು ಬೇರೆಯವರು.

ತೇರಗಾಂವದ ಹುಡುಗಿಯೊಡನೆ ಅಣ್ಣನ ಮದುವೆ ಮೊದಲೇ ನಿಶ್ಚಯವಾಗಿತ್ತು. ಸುದ್ದಿ ಅಲ್ಲಿಗೂ ಮುಟ್ಟಿತು. ಸಂಬಂಧ ಮುರಿಯುವ ಮುಖ ಹೊತ್ತು ಹುಡುಗಿಯ ಸೋದರಮಾವ ಬಂದು ಕುಳಿತರು. ಬಾಗಿಲ ಬಳಿ ನಾನೂ ಕುಳಿತೆ.

"ಇದು ಆಸಿಡ್ ಬಿದ್ದು ಉಗುರಿಗೆ ಹತ್ತಿದ ಕಲಿ ರೀ ಮಾವಾರ," ಅಂದ ಅಣ್ಣ.

"ಹಂಗಾದ್ರ ಸುಣ್ಣ ಹಚ್ಚೂಣು. ಅರಿಸಿನ ಇದ್ರ ಕೆಂಪಾಗ್ತೈತಿ."

ಮಾವ ಎಲೆ-ಅಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು ಅವನ ಹೆಬ್ಬೆರಳ ಉಗುರಿಗೆ ತಿಕ್ಕಿದರು. ಹಳದಿ ನಿಧಾನಕ್ಕೆ ಬಣ್ಣ ತಿರುಗಿಸಿತು.

"ಕೆಂಪಾತಿಲ್ಲೋ?"

"ಕೇಸರಿ ಆಗೇತ್ರಿ, ಕೆಂಪಲ್ಲ. ಆಸಿಡ್ ಕಲಿಗೂ ಸುಣ್ಣ ಬಿದ್ರ ಬಣ್ಣ ಬದಲಾಗ್ತೈತಿ. ತಡೀರಿ, ಇನ್ನೊಮ್ಮೆ ನೋಡೂಣು."

"ಇನ್ನೇನ್ ನೋಡೂದು? ಅಕಿ ಯಾವಾಗ ಬರ್ತಾಳ, ಅದನ್ನ ಹೇಳು."

"ಅಕಿ ಹಡಗ ಇನ್ನ ಕಾರವಾರ ಮುಟ್ಟಿಲ್ರಿ," ಅಂದೆ ನಾನು. ಯಾರೂ ನಗಲಿಲ್ಲ. ಅಣ್ಣನ ಮುಖ ಸುಣ್ಣಕ್ಕಿಂತ ಬೆಳ್ಳಗಾಗಿತ್ತು. ಮಾವ ಟವೆಲ್ ಹೆಗಲಿಗೆ ಹಾಕಿ ಎದ್ದೇ ಬಿಟ್ಟರು.

ಆಗ ಅಡುಗೆಮನೆಯಿಂದ ಅಣ್ಣನ ಅವ್ವ ಬಂದಳು. ಮುಷ್ಟಿ ತುಂಬ ಕಲಸಿದ ಅರಿಸಿನ.

"ಕೂಡ್ರಿ ಅಣ್ಣಾರ. ಮಗಗ ಅರಿಸಿನ ಹಚ್ಚಾಕ ಮೊದಲನೇ ಕೈ ತಾಯಿದು. ಆ ಕೈ ಇಲ್ಲೇ ರೊಟ್ಟಿ ಬಡಿತಿತ್ತು. ಅಲ್ಲೆ ಯಾರ್ ಹಚ್ಚಿದ್ರು?"

ಮಾವ ಕುಳಿತರು. ಅವ್ವ ಮಗನ ಕೆನ್ನೆಗೆ ಬಳಿದೇ ಬಿಟ್ಟಳು.

"ನೋಡ್ರಿ, ಈಗ ಹಚ್ಚೀನಿ. ಅರಿಸಿನ ಬಿದ್ದ ಹುಡುಗ ತಲಿ ಮ್ಯಾಲ ಮದುವಿ ಅಕ್ಕಿಕಾಳು ಬೀಳೂತನಾ ಹೊಸ್ತಿಲ ದಾಟಂಗಿಲ್ಲ. ಹುಡುಗಿನ್ನ ಯಾವತ್ತ ಕರ್ಕೊಂಡ ಬರ್ತೀರಿ?"

"ಅವ್ವಾ, ನಾಳೆ ಕಾಲೇಜ್ ಐತಿ. ತಡಿ, ಇನ್ನೊಮ್ಮೆ ನೋಡೂಣು," ಅಂದ ಅಣ್ಣ.

ಅವ್ವ ಇನ್ನೊಂದು ಕೆನ್ನೆಗೂ ಹಚ್ಚಿದಳು.