ಸೆರಗಿನೊಳಗಿನ ಪಟ್ಟಿ

ಬೆಳಕು ಹರಿಯುತ್ತಿದೆ. ಹಾಸನದ ಹೊರವಲಯದ ಬಾಡಿಗೆ ಕೋಣೆಯಲ್ಲಿ ಸಿಂಧು ಉಗುರಿನಗಲದ ಸರ್ಕ್ಯೂಟ್ ಬೋರ್ಡಿನ ಮೇಲೆ ಬಾಗಿ ಸೋಲ್ಡರಿಂಗ್ ಮಾಡುತ್ತಿದ್ದಾರೆ. ಪಕ್ಕದ ಹಿಟ್ಟಿನ ಗಿರಣಿ ಶುರುವಾಗುವುದರೊಳಗೆ ಪರೀಕ್ಷೆ ಮುಗಿಯಬೇಕು. ಆ ಮೋಟಾರು ಎಬ್ಬಿಸುವ ವಿದ್ಯುತ್ ಗದ್ದಲದಲ್ಲಿ ಇವರ ಉಪಕರಣದ ಸಣ್ಣ ಸಿಗ್ನಲ್ಲು ಕಳೆದೇಹೋಗುತ್ತದೆ.

ಎದೆಯ ಸುತ್ತ ಪಟ್ಟಿ ಕಟ್ಟಿ, ಮೈಗೆ ತಿಳಿಯದಷ್ಟು ಕರೆಂಟು ಹರಿಸಿ, ಶ್ವಾಸಕೋಶದ ಚಿತ್ರ ಬಿಡಿಸುವ ಉಪಕರಣವದು. ಗಾಳಿ ತುಂಬಿದ ಕಡೆ ಕರೆಂಟಿಗೆ ಅಡ್ಡಿ ಹೆಚ್ಚು, ನೀರು ತುಂಬಿದ ಕಡೆ ಕಡಿಮೆ. ಆ ವ್ಯತ್ಯಾಸವೇ ಪರದೆಯ ಮೇಲೆ ಬಣ್ಣವಾಗುತ್ತದೆ. ಅರಕಲಗೂಡಿನ ಟಿ.ವಿ. ರಿಪೇರಿಯವರ ಮಗಳು ಸಿಂಧು, ಸಣ್ಣ ಕಂಪನಿಯೊಂದಕ್ಕೆ ಇದರ ಸರ್ಕ್ಯೂಟ್ ವಿನ್ಯಾಸ ಮಾಡುತ್ತಾರೆ. ಹೊಗಳಿದರೆ ತಲೆ ತಗ್ಗಿಸುತ್ತಾರೆ.

ಹೋದ ವರ್ಷ ಹಳ್ಳಿಮೈಸೂರಿನ ಪುಟ್ಟತಾಯಮ್ಮ ಪರೀಕ್ಷೆಗೆ ಒಪ್ಪಿ ಬಂದಿದ್ದರು. ರವಿಕೆ ಬಿಚ್ಚಿ, ಟವೆಲ್ ಹೊದ್ದು ಕೂತಿದ್ದರು. ಪಟ್ಟಿಯಿಂದ ಪೆಟ್ಟಿಗೆಗೆ ಹೋಗುವ ಉದ್ದುದ್ದ ವೈರುಗಳಿಂದಾಗಿ ಚಿತ್ರ ಕಲಸಿಹೋಯಿತು. ಸಿಂಧು ಸಹೋದ್ಯೋಗಿ ಮನೋಹರನನ್ನು ಕೂಗಿದರು. ಅವನು ಬಂದು ಟವೆಲ್ ಸರಿಸಿ ವೈರು ಒತ್ತತೊಡಗಿದ. ಸಿಂಧುವಿನ ಕಣ್ಣು ಪರದೆಯ ಮೇಲೆಯೇ. "ಅಜ್ಜಿ, ಅಲ್ಲಾಡ್ಬೇಡಿ" ಎಂದರೇ ಹೊರತು ತಿರುಗಲಿಲ್ಲ.

"ನನ್ನೇನ್ ಕರೆಂಟ್ ಕಂಬ ಅಂದ್ಕಂಡ್ಯೇನವ್ವಾ?"

ತಿರುಗಿದಾಗ ಪುಟ್ಟತಾಯಮ್ಮ ಪಟ್ಟಿ ಕಿತ್ತೆಸೆದು ಸೆರಗು ಸುತ್ತಿಕೊಳ್ಳುತ್ತಿದ್ದರು.

"ಎಣ್ಣಾಗಿ ನಂಗೇ ಒಳೀಲಿಲ್ಲ ಸಾ," ಎಂದು ನನ್ನೊಡನೆ ಹೇಳುತ್ತಾರೆ ಸಿಂಧು. "ಈಗ್ಲೂ ನೆನೆಸ್ಕಂಡ್ರೆ ಮುಖ ಎಲ್ಲಿ ಮಡಗ್ಲಿ ಅನ್ನುಸ್ತದೆ."

ಹಳೆಯ ವಿನ್ಯಾಸವನ್ನು ಅವರು ಕೈಬಿಟ್ಟರು. ಸಿಗ್ನಲ್ ಹಿಗ್ಗಿಸುವ ಭಾಗವನ್ನು ದೂರದ ಪೆಟ್ಟಿಗೆಯಿಂದ ತೆಗೆದು, ಪಟ್ಟಿಯಲ್ಲಿ ಮೈಗೆ ತಾಗುವ ಲೋಹದ ಬಿಲ್ಲೆಯ ಬೆನ್ನಿಗೇ ಕೂರಿಸಿದರು. ಮೊದಮೊದಲು ಬಿಲ್ಲೆ ಬಿಸಿಯಾಗಿ ಚುರುಗುಟ್ಟಿತು. ತಮ್ಮ ಮೈಗೇ ಕಟ್ಟಿಕೊಂಡು ಅದನ್ನು ಸರಿಪಡಿಸಿದರು. ವೈರಿನ ಗೋಜಲು ಹೋಯಿತು. ಈಗ ಯಾರ ಸಹಾಯವೂ ಇಲ್ಲದೆ ರವಿಕೆಯೊಳಗೆ ಕಟ್ಟಿಕೊಳ್ಳಬಹುದು.

ಅದನ್ನು ಹಿಡಿದು ಹಳ್ಳಿಮೈಸೂರಿಗೆ ಹೋದಾಗ ಪುಟ್ಟತಾಯಮ್ಮ ಒಳಗೆ ಕರೆಯಲಿಲ್ಲ.

"ಮಿಷಿನ್ ರಿಪೇರಿ ಆಯ್ತಾ?"

"ಮಿಷಿನ್ದಲ್ಲ ಅಜ್ಜಿ, ತಪ್ಪು ನಂದು. ಅದನ್ನೇಳಾಕೇ ಬಂದೆ."

ಅಜ್ಜಿ ಪಟ್ಟಿಯತ್ತ ಕೈ ಚಾಚಿದರು. "ಕೊಡಿಲ್ಲಿ, ನಾನೇ ಕಟ್ಕತೀನಿ."

ಸೆರಗು ಹೊದ್ದು ಹೊರಬಂದು ಪರದೆಯ ಮುಂದೆ ಕೂತರು. ಎರಡು ನೀಲಿ ಮಚ್ಚೆಗಳು ಹಿಗ್ಗುತ್ತಾ ಕುಗ್ಗುತ್ತಾ ಇದ್ದವು. "ಇದು ನನ್ನುಸ್ರಾ?" ಎಂದು ನಕ್ಕರು. ಸಿಂಧುವಿಗೆ ಅವರ ಮುಖ ನೋಡಲಾಗಲಿಲ್ಲ.

ಉಪಕರಣ ಇನ್ನೂ ಆಸ್ಪತ್ರೆಗಳನ್ನು ತಲುಪಿಲ್ಲ. ತಲುಪಿದಾಗ ಅದರ ಮೇಲೆ ನಿಮ್ಮ ಹೆಸರಿರಬೇಕಲ್ಲವೇ ಎಂದರೆ ಸಿಂಧು ಬೇಡವೆಂದು ತಲೆಯಾಡಿಸುತ್ತಾರೆ.

"ಎಸ್ರು ಬ್ಯಾಡ ಸಾ. ಯಾರೇ ಕಟ್ಲಿ, ಮೈ ಮುಟ್ಟಾಕೆ ಮುಂಚೆ ಕಟ್ಟುಸ್ಕಳೋರ್ನ ಒಂದ್ಮಾತು ಕೇಳ್ಲಿ. ನಾನು ಕೇಳ್ಲಿಲ್ಲ."